ಮೂರನೆಯ ಸುತ್ತಿಗೆ ನಿಲ್ಲುವ ಬೋಲ್ಟು

ಮೊನ್ನೆ ಬೆಳಿಗ್ಗೆ ಬೇಳೆ ಬೆಂದ ಮೇಲೆ ಕುಕ್ಕರನ್ನು ಒಲೆಯಿಂದ ಇಳಿಸುತ್ತಿದ್ದೆ. ಅದರ ಹಿಡಿ ಲಟಕ್ಕನೆ ಒಂದು ಕಡೆಗೆ ವಾಲಿತು. ಸ್ಕ್ರೂ ಎಲ್ಲೋ ಬಿದ್ದುಹೋಗಿತ್ತು. ಒಲೆಯ ಕೆಳಗೆ, ಸಿಂಕಿನ ಜಾಲರಿಯಲ್ಲಿ, ಕೊನೆಗೆ ಬೆಂದ ಬೇಳೆಯಲ್ಲೂ ಸೌಟಾಡಿಸಿ ಹುಡುಕಿದೆ. ಸಿಗಲಿಲ್ಲ. ಎಲ್ಲರ ಮನೆಯಲ್ಲಿರುವಂತೆ ನಮ್ಮ ಮನೆಯಲ್ಲೂ ಒಂದು ಡಬ್ಬಿ ಇದೆ. ಎಲ್ಲಿಂದಲೋ ಬಿಚ್ಚಿಕೊಂಡು ಬಂದು ಮತ್ತೆಲ್ಲಿಗೂ ಸೇರದ ಸ್ಕ್ರೂಗಳು, ನಟ್ಟುಗಳು, ವಾಷರುಗಳು ಅದರಲ್ಲಿ ವರ್ಷಗಟ್ಟಲೆ ಒಟ್ಟಿಗೆ ಸಂಸಾರ ಮಾಡುತ್ತಿವೆ. ಅದನ್ನು ಪೇಪರಿನ ಮೇಲೆ ಸುರಿದುಕೊಂಡು, ಕಣ್ಣಳತೆಗೆ ಸರಿಯೆನಿಸಿದ ಒಂದನ್ನು ಹಿಡಿಯ ತೂತಿಗಿಟ್ಟು ತಿರುಗಿಸಿದೆ. ಒಂದು ಸುತ್ತು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಸ್ವಲ್ಪ ಬಿಗಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಸ್ಕ್ರೂಡ್ರೈವರಿಗೆ ಇನ್ನಷ್ಟು ಬಲ ಹಾಕುತ್ತಿದ್ದರು. ನನ್ನ ಕೈ ಮಾತ್ರ ತನ್ನಷ್ಟಕ್ಕೆ ತಾನು ನಿಂತುಬಿಟ್ಟಿತು. ಕುಕ್ಕರನ್ನು ಮಸಿಬಟ್ಟೆಯಲ್ಲಿ ಹಿಡಿದುಕೊಂಡೇ ಆ ದಿನದ ಸಾರು ಮುಗಿಸಿದೆ.

ನಿಮಗೆ ನಗು ಬರಬಹುದು. ಸೀರೆಯ ಅಂಚಿಗೆ ಫಾಲ್ಸಿನ ಬಣ್ಣ ಹೊಂದುತ್ತದೋ ಇಲ್ಲವೋ ಎಂದು ಅಂಗಡಿ ಬಾಗಿಲಿನ ಬೆಳಕಿಗೆ ಹಿಡಿದು ನೋಡುವ ಹೆಂಗಸಿಗೆ ಸ್ಕ್ರೂವಿನ ಮೈಮೇಲಿನ ಸುತ್ತುಗೆರೆಯ, ಅದೇ ಥ್ರೆಡ್ಡಿನ, ಯೋಚನೆ ಯಾಕೆ ಎಂದು. ನಾನು ಓದಿದ ಕಾನ್ವೆಂಟಿನಲ್ಲಿ ನಮಗೆ ಬಹಳಷ್ಟು ಕಲಿಸಿದರು. ಸೂಪನ್ನು ಸದ್ದಿಲ್ಲದೆ ಕುಡಿಯುವುದನ್ನು ಕಲಿಸಿದರು; ನಮ್ಮ ಮನೆಯಲ್ಲಿ ಸೂಪು ಎನ್ನುವುದೇ ಇರಲಿಲ್ಲ, ಸಾರನ್ನು ಸೊರ್ರೆಂದು ಕುಡಿದರೇ ನಮ್ಮಜ್ಜಿಗೆ ಸಮಾಧಾನ. ಕರ್ಚೀಫಿನ ಅಂಚಿಗೆ ಕಾಣದಂತೆ ಹೊಲಿಗೆ ಹಾಕುವುದನ್ನು ಕಲಿಸಿದರು. ಹೊಲಿಗೆಯ ಸಿಸ್ಟರ್ ಬಟ್ಟೆಯ ಮೇಲೆ ಸ್ಟೀಲಿನ ಸ್ಕೇಲನ್ನಿಟ್ಟು, ಒಂದಿಂಚಿನೊಳಗೆ ಎಷ್ಟು ಹೊಲಿಗೆ ಬಿದ್ದಿದೆಯೆಂದು ಸೂಜಿಯ ಮೊನೆಯಲ್ಲಿ ಎಣಿಸುತ್ತಿದ್ದರು. ಕಡಿಮೆಯಾದರೆ ಬಿಚ್ಚಿಸುತ್ತಿದ್ದರು. ಹೆಚ್ಚಾದರೂ ಬಿಚ್ಚಿಸುತ್ತಿದ್ದರು. ಕಬ್ಬಿಣಕ್ಕೂ ಹಾಗೆಯೇ ಇಂಚಿಗೆ ಇಷ್ಟು ಸುತ್ತು ಎಂದು ಲೆಕ್ಕವಿರುತ್ತದೆ ಎನ್ನುವುದನ್ನು ಮಾತ್ರ ಅಲ್ಲಿ ಯಾರೂ ಹೇಳಲಿಲ್ಲ. ಅದನ್ನು ಹೇಳಿಕೊಟ್ಟವರು ನಮ್ಮ ಮಾವನವರು.

ಮಾವನವರು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ನಾನು ಮದುವೆಯಾಗಿ ಒಂಟಿಕೊಪ್ಪಲಿನ ಈ ಮನೆಗೆ ಬರುವಾಗ ನಿವೃತ್ತರಾಗಿದ್ದರು. ತೆಳ್ಳನೆಯ ಮೈ, ಇಸ್ತ್ರಿ ಮಾಡಿದ ಅರ್ಧ ತೋಳಿನ ಷರಟು, ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರು. ಅವರಿಗೊಂದು ಮೋಟರ್ ಸೈಕಲ್ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ದೊರೆಗಳ ಕಾಲದ ಅಧಿಕಾರಿಯಿಂದ ಕೊಂಡದ್ದು, ಇಂಗ್ಲೆಂಡಿನಲ್ಲಿ ತಯಾರಾದದ್ದು. ನಮ್ಮೆಜಮಾನರಿಗಿಂತ ಅದಕ್ಕೇ ವಯಸ್ಸು ಹೆಚ್ಚು. “ದೊಡ್ಡ ಮಗ ಅದೇ, ಇವನು ಎರಡನೆಯವನು” ಎಂದು ಅತ್ತೆ ನನಗೆ ಮೊದಲ ವಾರದಲ್ಲೇ ಹೇಳಿದ್ದರು. ತಮಾಷೆಯೆಂದುಕೊಂಡಿದ್ದೆ. ಮಳೆ ಬಂದಾಗ ಮಾವನವರು ಮೊದಲು ಯಾವುದನ್ನು ಒಳಗೆ ತಂದರು ಎಂದು ನೋಡಿದ ಮೇಲೆ ಹಾಗೆಂದುಕೊಳ್ಳುವುದನ್ನು ಬಿಟ್ಟೆ.

ಆಯುಧಪೂಜೆಯ ದಿನ ನಮ್ಮೂರಿನಲ್ಲಿ ಗಾಡಿಗಳ ಸಂಭ್ರಮ ನಿಮಗೆ ಗೊತ್ತೇ ಇದೆ. ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದರೆ ಮುಗಿಯಿತು. ನಮ್ಮ ಮನೆಯಲ್ಲಿ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಮಾವನವರು ಅಷ್ಟಮಿಯ ದಿನ ಇಂಜಿನ್ನನ್ನೇ ಬಿಚ್ಚುತ್ತಿದ್ದರು. “ಮೇಲೆ ಕುಂಕುಮ ಹಚ್ಚಿಬಿಟ್ರೆ ಆಯ್ತೇನಮ್ಮ? ದುಡಿಯೋದು ಒಳಗಿರೋದು. ಪೂಜೆ ಅದಕ್ಕಾಗಬೇಕು” ಎನ್ನುತ್ತಿದ್ದರು. ತಲೆಭಾಗವನ್ನು ತೆಗೆದು, ಮಸಿ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಪಂಚೆಯ ಮೇಲೆ ಹರವುತ್ತಿದ್ದರು. ನವಮಿಯ ದಿನ ದೇವರ ಮನೆಯ ಮುಂದೆ ಸರಸ್ವತಿಯ ಪುಸ್ತಕಗಳ ಪಕ್ಕದಲ್ಲೇ ಪಿಸ್ಟನ್ನಿಗೂ ಅರಿಶಿನ, ಕುಂಕುಮ, ಚೆಂಡುಹೂ. ವಿಜಯದಶಮಿಯ ದಿನ ಊರೆಲ್ಲ ದಸರಾ ಮೆರವಣಿಗೆಯ ಆನೆ ನೋಡಲು ಹೋದರೆ ಮಾವನವರು ಜಗುಲಿಯಲ್ಲಿ ಕೂತು ಇಂಜಿನ್ ಕಟ್ಟುತ್ತಿದ್ದರು. ‘ಜೋಡಿಸುವುದು’ ಎಂದು ಅವರೆಂದೂ ಹೇಳುತ್ತಿರಲಿಲ್ಲ; ಹೂ ಕಟ್ಟುವ ಹಾಗೆ, ಮನೆ ಕಟ್ಟುವ ಹಾಗೆ, ಇಂಜಿನ್ನನ್ನೂ ಕಟ್ಟುವುದು.

ಬಿಚ್ಚಿದ ಬೋಲ್ಟುಗಳಿಗೆ ಒಂದು ಹಳೆಯ ಇಡ್ಲಿ ತಟ್ಟೆ ಇತ್ತು. ಕಾಲು ಮುರಿದು ಅಡುಗೆಮನೆಯಿಂದ ವಜಾ ಆಗಿದ್ದ, ನಾಲ್ಕು ಗುಳಿಯ ಅಲ್ಯೂಮಿನಿಯಂ ತಟ್ಟೆ. ಇಂಜಿನ್ನಿನ ತಲೆಭಾಗವನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳು, ಅವು ಯಾವ ಮೂಲೆಯವೋ ಅದೇ ಮೂಲೆಯ ಗುಳಿಯಲ್ಲಿ ಕೂರಬೇಕು. ಒಂದರ ಜಾಗಕ್ಕೆ ಇನ್ನೊಂದು ಹೋಗಕೂಡದು. “ಎಲ್ಲಾ ಒಂದೇ ಥರ ಇದ್ಯಲ್ಲ ಮಾವ?” ಎಂದು ನಾನೊಮ್ಮೆ ಕೇಳಿದ್ದೆ. “ನಿನ್ನ ಕಣ್ಣಿಗೆ ಒಂದೇ ಥರ. ಆ ತೂತಿಗೆ ಅಲ್ಲ” ಎಂದಿದ್ದರು. ಎರಡು ಬೋಲ್ಟುಗಳನ್ನು ಪಕ್ಕಪಕ್ಕಕ್ಕೆ ಮೈ ತಾಗಿಸಿ, ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಕೂರುವಂತೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಒಂದೇ ಥ್ರೆಡ್ಡಾದರೆ ನಡುವೆ ಬೆಳಕೇ ತೂರುವುದಿಲ್ಲ. ಬೇರೆಬೇರೆಯಾದರೆ ಮೊದಲು ಸರಿಯಾಗಿ ಕೂತ ಹಾಗೆ ಕಂಡು, ಹೋಗಹೋಗುತ್ತಾ ಒಂದರ ಹಲ್ಲು ಇನ್ನೊಂದರ ಹಲ್ಲಿನ ಮೇಲೇ ಹತ್ತಿ ನಿಲ್ಲುತ್ತದೆ, ಸಂದಿಯಲ್ಲಿ ಬೆಳಕು ಕಾಣುತ್ತದೆ. ಆ ಎರಡು ಬೋಲ್ಟುಗಳ ನಡುವೆ ಗೆರೆಯಷ್ಟು ಬೆಳಕು ಕಂಡಿತ್ತು. ಸೊಸೆಯರಿಗೆ ಮಾವಂದಿರು ಏನೇನೋ ಹೇಳಿಕೊಡುತ್ತಾರೆ. ನನಗೆ ಸಿಕ್ಕಿದ್ದು ಇದು.

ನಾನು ಹೇಳಹೊರಟ ವರ್ಷ ನವರಾತ್ರಿಗೆ ಮೊದಲೇ ಅವರ ಬಲಗಣ್ಣು ಪೂರ್ತಿ ಹೋಗಿತ್ತು. ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಎಡಗಣ್ಣಿನಲ್ಲಿ ಇನ್ನೂ ದೃಷ್ಟಿ ಇತ್ತು, ಆದರೆ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿತ್ತು. ಊಟದ ತಟ್ಟೆಯಲ್ಲಿ ಅನ್ನ ಕಂಡರೆ ಪಕ್ಕದ ಪಲ್ಯ ಕಾಣುತ್ತಿರಲಿಲ್ಲ. ಪಲ್ಯವನ್ನು ನಡುವಿಗೆ ತಳ್ಳಿ ಬಡಿಸುವುದನ್ನು ನಾನು ಸದ್ದಿಲ್ಲದೆ ಅಭ್ಯಾಸ ಮಾಡಿಕೊಂಡೆ. ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ಅಪ್ಪ, ಈ ಸಲ ಬಿಚ್ಚೋದು ಬೇಡ. ಹಂಗೇ ಹೂ ಹಾಕಿಬಿಡೋಣ” ಎಂದು ಇವರು ಹೇಳಿ ನೋಡಿದರು.

“ಮುಂದಿನ ಸಲ ಹಂಗೇ ಹಾಕು” ಎಂದರು ಮಾವನವರು. “ಈ ಸಲ ನಾನು ಕಟ್ಟಬೇಕು. ಕಾಣ್ತಿರೋವಾಗ ಒಂದ್ಸಲ ಕಟ್ಟಿ ಮುಗಿಸ್ಬಿಡ್ತೀನಿ. ಆಮೇಲೆ ನಾನಾಗೇ ಕೇಳಲ್ಲ ಕಣೋ.”

ಅಷ್ಟಮಿಯ ದಿನ ನಿಧಾನವಾಗಿ, ಒಂದೊಂದನ್ನೂ ಎಡಗಣ್ಣಿನ ನೇರಕ್ಕೆ ಹಿಡಿದು, ಮಾವನವರು ಇಂಜಿನ್ನನ್ನು ಬಿಚ್ಚಿದರು. ನವಮಿಯ ಪೂಜೆ ನಡೆಯಿತು. ದಶಮಿಯ ಬೆಳಿಗ್ಗೆ ನಿರ್ಮಾಲ್ಯ ತೆಗೆಯುವ ಕೆಲಸ ಯಾವಾಗಲೂ ಅತ್ತೆಯದು. ಬಾಡಿದ ಚೆಂಡುಹೂಗಳನ್ನೆಲ್ಲ ಬುಟ್ಟಿಗೆ ಬಾಚುವಾಗ ಇಡ್ಲಿ ತಟ್ಟೆ ಓರೆಯಾಯಿತು. ಉರುಳಿದ ಬೋಲ್ಟುಗಳನ್ನು ಅತ್ತೆ ಅಲ್ಲೇ ಹೆಕ್ಕಿ ತಟ್ಟೆಗೆ ಹಾಕಿದರಂತೆ. ಮೂರು ಹಾಕಿದ್ದರು. ನಾಲ್ಕನೆಯದು ಹೂವಿನ ಜೊತೆ ಬುಟ್ಟಿಗೆ ಸೇರಿತ್ತು. ನಿರ್ಮಾಲ್ಯವನ್ನು ಯಾರೂ ತುಳಿಯದ ಕಡೆ ಹಾಕಬೇಕಲ್ಲ. ನಮ್ಮ ಹಿತ್ತಿಲಲ್ಲಿ ನಲ್ಲಿ ಬಂದ ಮೇಲೆ ಯಾರೂ ನೀರು ಸೇದದ ಹಳೆಯ ಬಾವಿಯಿತ್ತು. ಅತ್ತೆ ಅದರ ಜಾಲರಿಯ ಮೂಲೆಯನ್ನೆತ್ತಿ, ಕೈ ಮುಗಿದು, ಬುಟ್ಟಿಯನ್ನು ಸುರಿದು ಬಂದರು.

ಆ ದಿನ ಮಧ್ಯಾಹ್ನ ನಮ್ಮ ಹಿತ್ತಿಲಿನಲ್ಲೂ ಒಂದು ಮೆರವಣಿಗೆ ನಡೆಯಿತೆನ್ನಿ. ಹಳೆಯ ರೇಡಿಯೋ ಸ್ಪೀಕರಿನ ಆಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಇವರು ಬಾವಿಗಿಳಿಬಿಟ್ಟರು. ಮೊದಲ ಸಲ ಬಕೆಟ್ಟಿನ ಹಿಡಿಯೊಂದು ಬಂತು. ಎರಡನೆಯ ಸಲ ತುಕ್ಕು ಹಿಡಿದ ಕಬ್ಬಿಣದ ಜಾಲರಿ ಸೌಟು.

“ಅಯ್ಯೋ, ಇದು ನನ್ನ ಬೋಂಡಾ ಸೌಟು” ಎಂದರು ಅತ್ತೆ. “ಇದಕ್ಕೋಸ್ಕರ ಪಕ್ಕದ ಮನೆ ಜಯಮ್ಮನ ಹತ್ರ ಮಾತು ಬಿಟ್ಟಿದ್ದೆನಲ್ಲೇ.”

“ಹೋಗಿ ಮಾತಾಡಿಸು ಈಗ” ಎಂದರು ಮಾವನವರು, ಬಾವಿಯ ಕಡೆ ನೋಡುತ್ತಲೇ.

“ಅವಳೆಲ್ಲಿದಾಳೆ? ಮನೆ ಮಾರಿ ಜಯಲಕ್ಷ್ಮಿಪುರಂಗೆ ಹೋಗಿ ಎಷ್ಟು ಕಾಲವಾಯ್ತು.”

ಬಾವಿಯ ತಳದಲ್ಲಿ ಎಷ್ಟೋ ವರ್ಷಗಳ ಹೂವು ಕೊಳೆತು ಮೆತ್ತನೆಯ ಕೆಸರಾಗಿತ್ತು. ಬೆರಳುದ್ದದ ಬೋಲ್ಟು ಅದರಲ್ಲಿ ಎಲ್ಲಿಳಿದಿತ್ತೋ. ಸಂಜೆಯವರೆಗೆ ಹಗ್ಗ ಎಳೆದು ಇವರ ಅಂಗೈ ಸುಲಿಯಿತು. ಅತ್ತೆ ದೇವರ ಮನೆಯ ಹೊಸ್ತಿಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಮಾವನವರು ಹತ್ತಿರ ಹೋಗಿ, “ಬಿಡೇ, ಒಂದು ಬೋಲ್ಟು ತಾನೆ. ಅಂಗಡೀಲಿ ಸಿಗುತ್ತೆ” ಎಂದರು. ಸಿಗುತ್ತದೆ ಎಂದೇ ನಾವೆಲ್ಲ ನಂಬಿದ್ದೆವು.

ಕಳೆದುಹೋದ ಬೋಲ್ಟಿನ ಅಳತೆಯನ್ನು ಕಂಡುಹಿಡಿಯುವುದು ಹೇಗೆ ಎನ್ನುವುದನ್ನು ನೀವು ಯಾವತ್ತಾದರೂ ಯೋಚಿಸಿದ್ದೀರಾ? ಸುಲಭವೆಂದು ತೋರುತ್ತದೆ. ಉಳಿದ ಮೂರು ಇವೆಯಲ್ಲ, ಅದರಲ್ಲೊಂದನ್ನು ತೋರಿಸಿ ತಂದರಾಯಿತು. ಇವರೂ ಹಾಗೆಯೇ ಮಾಡಿದರು. ತಂದ ಬೋಲ್ಟು ಎರಡು ಸುತ್ತು ಹೋಗಿ, ಮೂರನೆಯದಕ್ಕೆ ನಿಂತಿತು. ಆಗ ಮಾವನವರಿಗೆ ನೆನಪಾಯಿತು: ತಾವು ಕೊಳ್ಳುವ ಮೊದಲೇ ಆ ಇಂಜಿನ್ನಿನ ಮೂರು ತೂತುಗಳು ಸವೆದುಹೋಗಿ, ಯಾವುದೋ ಗ್ಯಾರೇಜಿನವರು ಅವಕ್ಕೆ ಹೊಸದಾಗಿ ಮಿಲಿಮೀಟರ್ ಲೆಕ್ಕದಲ್ಲಿ ಥ್ರೆಡ್ ಹೊಡೆದಿದ್ದರು. ಇಂಗ್ಲೆಂಡಿನಿಂದ ಬಂದಾಗಿನ ಅಸಲು ಥ್ರೆಡ್ ಉಳಿದಿದ್ದದ್ದು ಈ ನಾಲ್ಕನೆಯದಕ್ಕೆ ಮಾತ್ರ. ಅದು ಇಂಚಿನ ಲೆಕ್ಕ ಇದ್ದಿರಬೇಕು. ಇಂಚಿನಲ್ಲೂ ಸುತ್ತುಗಳು ವಿರಳವಾದ ಒರಟು ಥ್ರೆಡ್ಡು, ಒತ್ತೊತ್ತಾದ ನಯ ಥ್ರೆಡ್ಡು ಎಂದು ಬೇರೆಬೇರೆ. ಯಾವುದೆಂದು ಅವರು ಎಂದೂ ಅಳೆದು ನೋಡಿರಲಿಲ್ಲ. ಬೋಲ್ಟು ಕೈಯಲ್ಲಿರುವಾಗ ಅಳೆಯುವ ಪ್ರಮೇಯವೇ ಬರುವುದಿಲ್ಲವಲ್ಲ.

“ಗ್ಯಾರೇಜಿಗೆ ತಳ್ಳಿಕೊಂಡು ಹೋಗೋಣ ಅಪ್ಪ” ಎಂದರು ಇವರು.

“ಹೋದ್ರೆ ಇದಕ್ಕೂ ಹೊಸ ಥ್ರೆಡ್ ಹೊಡೆದು, ಅವರೇ ಕಟ್ಟಿ ಕೈಗೆ ಕೊಡ್ತಾರೆ. ನನಗೆ ಬೇಕಾಗಿರೋದು ಬೋಲ್ಟು. ಗ್ಯಾರೇಜಲ್ಲ.”

ಇವರು ಬ್ಯಾಂಕಿಗೆ ಹೋಗಲೇಬೇಕು. ಅತ್ತೆಗೆ ಮಂಡಿನೋವು. ಹೀಗಾಗಿ ಬೋಲ್ಟಿನ ಅಂಗಡಿಗೆ ಅಲೆಯುವ ಕೆಲಸ ನನ್ನ ಪಾಲಿಗೆ ಬಂತು.

ಅಶೋಕ ರಸ್ತೆಯ ಒಂದು ಅಂಗಡಿಗೆ ಹೋಗಿ, ಕಾನ್ವೆಂಟಿನ ಅಭ್ಯಾಸಬಲದಿಂದ “ಎಕ್ಸ್‌ಕ್ಯೂಸ್ ಮಿ” ಎಂದೆ. ಕೌಂಟರಿನ ಹತ್ತಿರ ನಿಂತಿದ್ದ ಗಂಡಸರೆಲ್ಲ ತಿರುಗಿ ನೋಡಿ ದಾರಿ ಬಿಟ್ಟರು. ಯಾರಿಗೋ ಮೈಗೆ ಹುಷಾರಿಲ್ಲವೇನೋ ಎಂಬಂತೆ ಬಿಟ್ಟರು. ಅಂಗಡಿಯ ನಂಜಪ್ಪನವರು ಹಣೆಗೆ ವಿಭೂತಿ ಹಚ್ಚಿಕೊಂಡ, ನಗುಮುಖದ ದಪ್ಪನೆಯ ಮನುಷ್ಯ.

“ಯಾವ ಸೈಜಮ್ಮ?”

“ಅದೇ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳೋಕೇ ಬಂದೆ.”

“ಸ್ಯಾಂಪಲ್ ತಂದಿದೀರಾ?”

“ಅದು ಬಾವಿಗೆ ಬಿದ್ದಿದೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನೋಡಿ ತಾಯಿ, ಬೋಲ್ಟ್ ತಂದ್ರೆ ನಟ್ ಕೊಡ್ತೀನಿ. ನಟ್ ತಂದ್ರೆ ಬೋಲ್ಟ್ ಕೊಡ್ತೀನಿ. ಎರಡೂ ಇಲ್ದೆ ಬಂದ್ರೆ ಎಂಗೆ ಕೊಡ್ಲಿ? ತೂತನ್ನ ಕೈಚೀಲದಲ್ಲಿ ಆಕ್ಕೊಂಡು ಬರಕ್ಕಾಗಲ್ಲ.”

ಯಾಕಾಗಬಾರದು ಎಂದು ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಚಕ್ಕುಲಿ ಒರಳಿನಲ್ಲಿ ಹಿಟ್ಟು ಅಚ್ಚಿನ ಆಕಾರಕ್ಕೆ ಬರುವುದಿಲ್ಲವೇ? ಮೊದಲು ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ತೂತಿಗೆ ತುಂಬಿದೆ. ಒಣಗಿ ಅಲ್ಲೇ ಕಚ್ಚಿಕೊಂಡು, ಅದನ್ನು ಪಿನ್ನಿನಲ್ಲಿ ಕೆರೆದು ತೆಗೆಯುವಷ್ಟರಲ್ಲಿ ಅರ್ಧ ದಿನವಾಯಿತು. ಸೋಪನ್ನು ಮೆತ್ತಗೆ ಮಾಡಿ ಒತ್ತಿದೆ; ತಿರುಗಿಸಿ ತೆಗೆಯುವಾಗ ಮುರಿಯಿತು. ಕೊನೆಗೆ ತೂತಿನೊಳಗೆ ಕೊಬ್ಬರಿ ಎಣ್ಣೆ ಸವರಿ, ನಡುವೆ ಒಂದು ಹಂಚಿಕಡ್ಡಿ ನಿಲ್ಲಿಸಿ, ಮೇಣದ ಬತ್ತಿಯನ್ನು ಕರಗಿಸಿ ಸುರಿದೆ. ಆರಿದ ಮೇಲೆ ಕಡ್ಡಿಯನ್ನು ಉಸಿರು ಬಿಗಿಹಿಡಿದು ತಿರುಗಿಸಿದಾಗ ಮೇಣ ಸುತ್ತುತ್ತಾ ಸುತ್ತುತ್ತಾ ಮೇಲೆ ಬಂತು. ಬೆಳ್ಳಗೆ, ಉಗುರಿನಷ್ಟುದ್ದ, ಮೈಮೇಲೆ ಸಣ್ಣ ಸಣ್ಣ ಗೆರೆಗಳು. ಹೆತ್ತ ಮಗುವನ್ನು ಮೊದಲ ಸಲ ನೋಡಿದಾಗಲೂ ನಾನು ಅಷ್ಟು ಹೆಮ್ಮೆ ಪಟ್ಟಿರಲಿಲ್ಲವೆಂದು ಇವರು ಆಮೇಲೆ ಹಂಗಿಸುತ್ತಿದ್ದರು.

ಮಾವನವರು ಅದನ್ನು ಹೂವಿನ ಹಾಗೆ ಅಂಗೈಯಲ್ಲಿಟ್ಟುಕೊಂಡರು. ಎಡಗಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಆಮೇಲೆ ನನ್ನ ಕೈಗೆ ಕೊಟ್ಟರು.

“ಮೂರರಲ್ಲಿ ಒಂದು ಬೋಲ್ಟಿಗೆ ತಾಗಿಸಿ ಹಿಡಿ. ಬೆಳಕು ಕಾಣುತ್ತಾ?”

ಕಿಟಕಿಗೆ ಹಿಡಿದೆ. “ಕಂಡ ಹಾಗೂ ಇದೆ ಮಾವ. ಕಾಣದ ಹಾಗೂ ಇದೆ.”

“ಪೇಪರಲ್ಲಿ ಹಂಗೆ ಬರೆದಿದ್ರೆ ಸೊನ್ನೆ ಹಾಕ್ತಿದ್ದೆ ಕಣಮ್ಮ” ಎಂದು ನಕ್ಕರು. ನಗು ಬೇಗ ನಿಂತಿತು.

ಹೊಲಿಗೆಯ ಟೇಪಿಟ್ಟು ಗೆರೆಗಳನ್ನು ಸೂಜಿಯಲ್ಲಿ ಎಣಿಸಿದೆ. ಮೇಣ ಆರುವಾಗ ಕುಗ್ಗುತ್ತದೆಂದು ನನಗೆ ತಿಳಿದಿರಲಿಲ್ಲ. ಸ್ಪಷ್ಟವಾಗಿ ಮೂಡಿದ್ದ ಗೆರೆಗಳೂ ನಾಲ್ಕೈದು ಮಾತ್ರ. ಅಷ್ಟರಿಂದ ಇಂಚಿಗೆ ಇಪ್ಪತ್ತೋ ಇಪ್ಪತ್ತೆರಡೋ ಎಂದು ಹೇಳುವುದಕ್ಕೆ ಯಾರಿಂದಲೂ ಸಾಧ್ಯವಿರಲಿಲ್ಲ. ನಮಗೆ ಬೇಕಿದ್ದದ್ದು ಆ ಎರಡರ ವ್ಯತ್ಯಾಸವೇ.

ಮೇಣದ ಬೋಲ್ಟನ್ನು ಹತ್ತಿಯಲ್ಲಿ ಸುತ್ತಿ, ಬಳೆಯ ಡಬ್ಬಿಯಲ್ಲಿಟ್ಟುಕೊಂಡು ಮತ್ತೆ ನಂಜಪ್ಪನವರ ಅಂಗಡಿಗೆ ಹೋದೆ. ಅವರು ಈ ಸಲ ನಗಲಿಲ್ಲ. ಇಷ್ಟು ಮಾಡಿದ್ದೀರಲ್ಲ ಎಂದು ಕುರ್ಚಿ ಹಾಕಿಸಿದರು. ಮೇಣವನ್ನು ತಿರುಗಿಸಿ ತಿರುಗಿಸಿ ನೋಡಿ, “ದಪ್ಪ ಏನೋ ಎರಡೂವರೆ ಸೂತ ಇದ್ದಂಗದೆ” ಎಂದರು. ಇಂಚಿನ ಎಂಟನೆಯ ಒಂದು ಭಾಗಕ್ಕೆ ಅವರ ಕಡೆ ಒಂದು ಸೂತ ಎನ್ನುತ್ತಾರೆ. “ಆದ್ರೆ ಎರಡೂವರೆ ಸೂತಕ್ಕೂ ಎಂಟು ಎಂಎಂಗೂ ಕೂದಲೆಳೆ ವ್ಯತ್ಯಾಸ ಕಣಮ್ಮ. ಅದಕ್ಕೇ ಎರಡು ಸುತ್ತು ಓಗಿ ನಿಲ್ತದೆ. ಪೂರ್ತಿ ಬೇರೆ ಆಗಿದ್ರೆ ಒಳಗೇ ಓಯ್ತಿರಲಿಲ್ಲ. ಅತ್ರ ಇರೋದೇ ಕಷ್ಟ ಕೊಡೋದು.”

ಇಂಚಿನ ಒರಟು ಥ್ರೆಡ್ಡಿನ ಒಂದನ್ನು ಕೊಟ್ಟರು. ಅದು ಎರಡು ಸುತ್ತೂ ಹೋಗಲಿಲ್ಲ. ಹಾಗಾದರೆ ನಯ ಥ್ರೆಡ್ಡೇ ಇರಬೇಕು ಎಂದಾಯಿತು. ಅದು ಅವರಲ್ಲಿರಲಿಲ್ಲ. “ಈಗ ಯಾರು ಕೇಳ್ತಾರೆ ಅದನ್ನ? ಕೊಯಮತ್ತೂರಿಂದ ತರಿಸ್ಕೊಡ್ತೀನಿ, ದೀಪಾವಳಿ ಕಳೀಲಿ.” ಕಾಯುವುದು ಬೇಡವೆಂದು ಬನ್ನಿಮಂಟಪದ ಕಡೆಯ ಗುಜರಿಗಳಿಗೂ ಹೋದೆ. ಪಂಜಿನ ಕವಾಯಿತಿಗೆ ವರ್ಷವರ್ಷ ಹೋಗಿ ಕೂರುತ್ತಿದ್ದ ಆ ದಿಕ್ಕಿನಲ್ಲಿ ಇಷ್ಟು ಕಬ್ಬಿಣ ಬಿದ್ದಿದೆಯೆಂದು ಅಲ್ಲಿಯವರೆಗೆ ಕಂಡಿರಲಿಲ್ಲ. ಒಬ್ಬರು ಡಬ್ಬ ಬೋರಲು ಹಾಕಿ, “ನೀವೇ ನೋಡ್ಕೊಳಿ” ಎಂದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗ್ರೀಸು ಮೆತ್ತಿದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲು ಜೋಡಿಸಿ ಕೂರಿಸುತ್ತಿದ್ದ ಸಿಸ್ಟರನ್ನು ನೆನೆಯುತ್ತಾ ಬೋಲ್ಟು ಆರಿಸಿದೆ. ಸೆರಗಿನಲ್ಲಿ ಕಟ್ಟಿ ತಂದದ್ದನ್ನೆಲ್ಲ ಮಾವನವರು ಒಂದೊಂದಾಗಿ ತೂತಿಗಿಟ್ಟು ಬೆರಳಿನಲ್ಲೇ ತಿರುಗಿಸಿ ನೋಡಿದರು. ಕೆಲವು ಒಳಗೇ ಹೋಗಲಿಲ್ಲ. ಕೆಲವು ಹೋಗಿ, ಮೂರನೆಯ ಸುತ್ತಿಗೆ ನಿಂತವು. ಪ್ರತಿಸಲ ಎರಡನೆಯ ಸುತ್ತು ಮುಗಿಯುವಾಗ ಅವರ ಮುಖ ಅರಳುತ್ತಿತ್ತು. ಆ ಮುಖವನ್ನು ನೋಡದಿರಲು ನಾನು ಅಕ್ಕಿ ಆರಿಸುವ ಮೊರ ತಂದಿಟ್ಟುಕೊಂಡು ಕೂರುತ್ತಿದ್ದೆ.

ದೀಪಾವಳಿ ಕಳೆಯಿತು. ಕೊಯಮತ್ತೂರಿನಿಂದ ಬರಲಿಲ್ಲ. “ಬತ್ತದೆ ತಾಯಿ, ಮುಂದಿನ ವಾರ” ಎಂದು ನಂಜಪ್ಪನವರು ಫೋನಿನಲ್ಲಿ ಹೇಳುತ್ತಿದ್ದರು. ಆ ವಾರಗಳಲ್ಲಿ ಮಾವನವರು ಜಗುಲಿಯಲ್ಲಿ ಬಿಚ್ಚಿಟ್ಟ ಇಂಜಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಧೂಳು ಕೂರದಂತೆ ತೆಳು ಪಂಚೆ ಹೊದಿಸಿ, ಬೆಳಿಗ್ಗೆ ತೆಗೆದು, ಎಣ್ಣೆ ಸವರಿ, ಮತ್ತೆ ಹೊದಿಸುತ್ತಿದ್ದರು. ಪೇಪರನ್ನು ಮೊದಲು ಕನ್ನಡಕದಲ್ಲಿ, ಆಮೇಲೆ ಭೂತಗನ್ನಡಿಯಲ್ಲಿ ಓದಿದರು. ಆಮೇಲೆ, “ಏನಿರುತ್ತಮ್ಮ ಅದರಲ್ಲಿ” ಎಂದು ಬಿಟ್ಟರು. ಒಂದು ದಿನ ಕಾಫಿ ಕೊಡಲು ಹೋದಾಗ ನನ್ನ ಕೈಯಿದ್ದ ಕಡೆಯಿಂದ ಅರ್ಧ ಗೇಣು ಆಚೆಗೆ ಕೈ ಚಾಚಿದರು. ನಾನು ಲೋಟವನ್ನು ಆ ಕಡೆಗೆ ಸರಿಸಿದೆ. ಸರಿಸಿದ್ದು ಅವರಿಗೆ ತಿಳಿಯಿತು.

ಧನುರ್ಮಾಸದ ಒಂದು ಮಧ್ಯಾಹ್ನ. ಮಂಜು ಹರಿದು ಒಳ್ಳೆಯ ಬಿಸಿಲು ಬಂದಿತ್ತು. ನಾನು ಅಡುಗೆಮನೆಯಲ್ಲಿ ಹುಗ್ಗಿಗೆ ಮೆಣಸು ಕುಟ್ಟುತ್ತಿದ್ದೆ. ಜಗುಲಿಯಿಂದ ಕಿರ್ರೆಂದು ಕಬ್ಬಿಣ ನರಳುವ ಸದ್ದು ಬಂತು. ಕೈಯಲ್ಲಿದ್ದ ಕುಟ್ಟಾಣಿಯ ಸಮೇತ ಹೊರಗೆ ಬಂದೆ. ಮಾವನವರು ಇಂಜಿನ್ನಿನ ತಲೆಭಾಗವನ್ನು ಅದರ ಜಾಗದಲ್ಲಿ ಕೂರಿಸಿದ್ದರು. ಮೂರು ಬೋಲ್ಟುಗಳನ್ನು ಬಿಗಿದು ಮುಗಿಸಿದ್ದರು. ನಾಲ್ಕನೆಯ ತೂತಿಗೆ ಆ ಗುಜರಿಯ ಬೋಲ್ಟುಗಳಲ್ಲೊಂದನ್ನು ಇಟ್ಟು, ಉದ್ದನೆಯ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದರು. ಕತ್ತಿನ ನರಗಳು ಉಬ್ಬಿದ್ದವು.

“ಮಾವ, ಯಾವುದದು?”

“ಹೋಗ್ತಿದೆ ಕಣಮ್ಮ” ಎಂದರು. “ಮೂರನೇದು ದಾಟ್ತು. ಹೋಗ್ತಿದೆ.”

ಹೌದು, ಹೋಗುತ್ತಿತ್ತು. ಸ್ಪ್ಯಾನರು ಅರ್ಧ ಸುತ್ತು ಬಂತು, ಇನ್ನರ್ಧ ಬಂತು. ಅವರ ಮುಖದಲ್ಲಿ ನವರಾತ್ರಿಯಿಂದ ಕಾಣದ ಒಂದು ಕಳೆ ಇತ್ತು. ಆಮೇಲೆ ಸ್ಪ್ಯಾನರಿಗೆ ತೂಕವೇ ಇಲ್ಲವೆಂಬಂತೆ ಅದು ಸರಾಗವಾಗಿ ತಿರುಗತೊಡಗಿತು. ಬೆಣ್ಣೆಯಲ್ಲಿ ಕಡ್ಡಿ ಆಡಿಸಿದ ಹಾಗೆ. ಇನ್ನೂ ಎರಡು ಸುತ್ತು ಅವರು ತಿರುಗಿಸುತ್ತಲೇ ಇದ್ದರು. ನಿಲ್ಲಿಸಿದರೆ ಒಪ್ಪಿಕೊಂಡಂತಾಗುತ್ತದೆ ಎಂದೋ ಏನೋ. ನಿಲ್ಲಿಸಿದ ಮೇಲೆ ಸ್ಪ್ಯಾನರನ್ನು ಪಂಚೆಯ ಮೇಲಿಟ್ಟು, ಬೋಲ್ಟನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿದರು. ಅದು ಸುಮ್ಮನೆ ಮೇಲೆ ಬಂತು.

ಅದರ ಮೈಗೆ ಬೆಳ್ಳಿಯ ತಂತಿಯಂಥದ್ದೇನೋ ಸುತ್ತಿಕೊಂಡಿತ್ತು. ತೂತಿನೊಳಗಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಸುರುಳಿಯಾಗಿ ಹೊರಬಂದಿತ್ತು. ಮಾವನವರು ಅದನ್ನು ನೋಡಲಿಲ್ಲ, ಹೆಬ್ಬೆರಳಿನಿಂದ ಸವರಿ ತಿಳಿದುಕೊಂಡರು. ಮೆಲ್ಲನೆ ಬಿಡಿಸಿ ನನ್ನ ಅಂಗೈಗೆ ಹಾಕಿದರು.

“ಎಣಿಸಮ್ಮ. ಇಂಚಿಗೆ ಎಷ್ಟಿದೆ ನೋಡು. ಈಗಲಾದ್ರೂ ಗೊತ್ತಾಗುತ್ತೆ.”

ಟೇಪು ತಂದು ಅದರ ಮೇಲಿಟ್ಟೆ. ಸುರುಳಿ ಎಷ್ಟು ತೆಳ್ಳಗಿತ್ತೆಂದರೆ, ಸ್ವಲ್ಪ ಎಳೆದರೆ ಸುತ್ತುಗಳು ದೂರವಾಗಿ ಇಂಚಿಗೆ ಹತ್ತಾಗುತ್ತಿದ್ದವು. ಒತ್ತಿದರೆ ಹತ್ತಿರ ಬಂದು ಇಪ್ಪತ್ತಾಗುತ್ತಿದ್ದವು. ಇನ್ನೂ ಒತ್ತಿದರೆ ಮೂವತ್ತೂ ಆಗುತ್ತಿತ್ತೋ ಏನೋ. ನಾವು ತಿಂಗಳುಗಟ್ಟಲೆ ಹುಡುಕಿದ್ದ ಅಳತೆಯೇ ನನ್ನ ಕೈಯಲ್ಲಿತ್ತು, ಯಾರು ಯಾವ ಲೆಕ್ಕ ಹೇಳಿದರೂ ಆ ಲೆಕ್ಕಕ್ಕೆ ಹೂಂಗುಟ್ಟುತ್ತಿತ್ತು.

“ಎಷ್ಟು?”

“ಹೇಳಕ್ಕಾಗ್ತಿಲ್ಲ ಮಾವ. ಅಲುಗಾಡುತ್ತೆ.”

“ಹಂಗಾದ್ರೆ ಇನ್ನು ಯಾರಿಗೂ ಗೊತ್ತಾಗಲ್ಲ” ಎಂದರು. ಕೈಗಳನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿಕೊಂಡರು, ಬೆರಳ ಸಂದಿಗಳನ್ನೂ ಬಿಡದೆ. ಎದ್ದು, ಬಾಗಿಲ ಚೌಕಟ್ಟನ್ನು ಮುಟ್ಟಿ ಗುರುತುಹಿಡಿದು ಒಳಗೆ ಹೋದರು.

ಮರುವಾರವೇ ನಂಜಪ್ಪನವರು ಫೋನು ಮಾಡಿ ಕೊಯಮತ್ತೂರಿನದು ಬಂದಿದೆ ಎಂದರು. ಹೋಗಿ ತಂದೆ. ಎಣ್ಣೆ ಕಾಗದದಲ್ಲಿ ಸುತ್ತಿದ್ದ, ಗೀರೂ ಇಲ್ಲದ ಹೊಸ ಬೋಲ್ಟು. ಅದೇ ಸರಿಯಾದದ್ದಿತ್ತೋ, ಅದೂ ಮೂರನೆಯ ಸುತ್ತಿಗೆ ನಿಲ್ಲುತ್ತಿತ್ತೋ, ಇಟ್ಟು ನೋಡಲು ತೂತೇ ಉಳಿದಿರಲಿಲ್ಲ. ಮಾವನವರಿಗೆ ನಾನದನ್ನು ಹೇಳಲಿಲ್ಲ. ಅವರೂ ಬಂತೇ ಎಂದು ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಇವರು ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿ ಗ್ಯಾರೇಜಿಗೆ ಕಳಿಸಿದರು. ಲೇತಿನವರು ಹಾಳಾದ ತೂತನ್ನು ದೊಡ್ಡದಾಗಿ ಕೊರೆದು, ಒಳಗೆ ಬುಷ್ ಎನ್ನುವ ಲೋಹದ ಸಣ್ಣ ಕೊಳವೆ ಕೂರಿಸಿ, ಎಲ್ಲ ಅಂಗಡಿಯಲ್ಲೂ ಸಿಗುವ ಎಂಟು ಮಿಲಿಮೀಟರಿನ ಥ್ರೆಡ್ ಹೊಡೆದುಕೊಟ್ಟರು. ಕೆಲಸ ಅಚ್ಚುಕಟ್ಟಾಗಿತ್ತು. ಗ್ಯಾರೇಜಿನವರು ಇಂಜಿನ್ ಕಟ್ಟಿದರು. ಆ ಹೊತ್ತಿಗೆ ಮಾವನವರಿಗೆ ಹಗಲು ಯಾವುದು, ದೀಪ ಹಾಕಿದ್ದು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು.

ಗಾಡಿ ಮನೆಗೆ ಬಂದ ದಿನ ಭಾನುವಾರ. ಇವರು ಅಂಗಳದಲ್ಲಿ ನಿಲ್ಲಿಸಿ ಕಿಕ್ಕರ್ ಒದ್ದರು. ಎರಡನೆಯ ಒದೆತಕ್ಕೇ ಹತ್ತಿಕೊಂಡು, ಹದವಾಗಿ, ಒಂದೇ ಸಮನೆ ಓಡತೊಡಗಿತು. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಮಜ್ಜಿಗೆ ತೆಗೆದುಕೊಂಡು ನಡುಮನೆಗೆ ಹೋದೆ. ಮಾವನವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಗಾಡಿ ಇದ್ದದ್ದು ಆ ಕಿಟಕಿಯ ಕೆಳಗೇ. ಅದರ ಸದ್ದಿಗೆ ಗಾಜು ಸಣ್ಣಗೆ ನಡುಗುತ್ತಿತ್ತು.

“ಯಾರ ಮನೆ ಗಾಡಿಯಮ್ಮ ಅದು?” ಎಂದು ಕೇಳಿದರು.

ನಾನು ಲೋಟವನ್ನು ಅವರ ಕೈಗೆ ಹಿಡಿಸಿದೆ. ಬೆರಳುಗಳು ಅದನ್ನು ಭದ್ರವಾಗಿ ಸುತ್ತಿಕೊಳ್ಳುವವರೆಗೆ ಬಿಡದೆ ನಿಂತಿದ್ದೆ. ಅವರು ಒಂದು ಗುಟುಕು ಕುಡಿದು, ತಲೆಯನ್ನು ಕಿಟಕಿಯ ಕಡೆಗೆ ವಾಲಿಸಿ ಇನ್ನೂ ಸ್ವಲ್ಪ ಹೊತ್ತು ಕೇಳಿದರು.

“ಚೆನ್ನಾಗಿ ಕಟ್ಟಿದಾರೆ” ಎಂದರು.